ಮನೆಬಳಕೆಯ ನೀರಿನಲ್ಲಿ ಪಾಚಿ ನಿಯಂತ್ರಣ

ಪಾಚಿ ನಿಯಂತ್ರಣ ಎಂದರೆ ಬಾವಿ, ತೊಟ್ಟಿ, ತಾರಸಿಯ ಟ್ಯಾಂಕ್, ಈಜುಕೊಳ ಮೊದಲಾದ ಜಲಸಂಗ್ರಹಗಳಲ್ಲಿ ಪಾಚಿ ಬೆಳೆಯದಂತೆ ತಡೆಯುವ ಹಾಗೂ ಬೆಳೆದುದನ್ನು ತೆಗೆಯುವ ಕ್ರಮ. ಪಾಚಿಗೆ ಶೈವಲ, ಹಾವಸೆ ಎಂಬ ಹೆಸರುಗಳೂ ಇವೆ. ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು ನಗರದ ದರ್ಬೆಯಂತಹ ಪ್ರದೇಶಗಳಲ್ಲಿ ನಗರದ ನಳ್ಳಿ ನೀರಿನ ಜೊತೆಗೆ ಮನೆಯ ಬಾವಿ, ಕೊಳವೆಬಾವಿಗಳೂ ಬಳಕೆಯಲ್ಲಿರುವುದರಿಂದ ನೀರಿನ ಶುದ್ಧತೆಯ ಹೊಣೆ ಬಹುಮಟ್ಟಿಗೆ ಮನೆಯವರದೇ ಆಗಿರುತ್ತದೆ.

ಬೆಳವಣಿಗೆಗೆ ಕಾರಣಗಳು

ಪಾಚಿಗೆ ಬೆಳಕು, ಬೆಚ್ಚಗಿನ ನೀರು ಮತ್ತು ಸಾರಜನಕ, ರಂಜಕಗಳಂತಹ ಪೋಷಕಾಂಶಗಳು ಬೇಕು. ತೆರೆದ ಬಾವಿಗೆ ಬೀಳುವ ತರಗೆಲೆ, ಮಳೆಗಾಲದಲ್ಲಿ ತೋಟದಿಂದ ಹರಿದು ಬರುವ ಗೊಬ್ಬರದ ನೀರು, ಬಾವಿಕಟ್ಟೆಯ ಬಳಿ ಬಟ್ಟೆ ಒಗೆದ ಸಾಬೂನು ನೀರು ಈ ಪೋಷಕಾಂಶಗಳನ್ನು ಒದಗಿಸುತ್ತವೆ. ಸದಾ ತೇವವಾಗಿರುವ ಮುರಕಲ್ಲಿನ ಬಾವಿಗೋಡೆಯ ಮೇಲೂ ಪಾಚಿ ಸುಲಭವಾಗಿ ನೆಲೆಯೂರುತ್ತದೆ.

ಆರೋಗ್ಯದ ಮೇಲಿನ ಪರಿಣಾಮ

ಹಸಿರು ಪಾಚಿಯ ಬಹುತೇಕ ಪ್ರಭೇದಗಳು ನೇರವಾಗಿ ವಿಷಕಾರಿಯಲ್ಲ. ಆದರೆ ನೀರಿಗೆ ವಾಸನೆ ತರುತ್ತವೆ, ಸೋಸುಕಗಳನ್ನು ಕಟ್ಟಿಸುತ್ತವೆ, ಕ್ಲೋರಿನ್‌ನ ಪ್ರಭಾವವನ್ನು ತಗ್ಗಿಸುತ್ತವೆ. ನೀಲಿಹಸಿರು ಪಾಚಿ ಎಂದು ಕರೆಯಲಾಗುವ ಸಯನೋಬ್ಯಾಕ್ಟೀರಿಯಾ ವಾಸ್ತವವಾಗಿ ಬ್ಯಾಕ್ಟೀರಿಯಾ. ಇವುಗಳಲ್ಲಿ ಕೆಲವು ಯಕೃತ್ತಿಗೆ ಹಾನಿ ಮಾಡುವ ಮೈಕ್ರೋಸಿಸ್ಟಿನ್ ಎಂಬ ವಿಷವನ್ನು ಉತ್ಪಾದಿಸುತ್ತವೆ. ನೀರನ್ನು ಕುದಿಸುವುದರಿಂದ ಈ ವಿಷ ನಾಶವಾಗುವುದಿಲ್ಲ. 1996ರಲ್ಲಿ ಬ್ರೆಜಿಲ್‌ನ ಕರುವಾರು ನಗರದಲ್ಲಿ ಇಂತಹ ನೀರನ್ನು ಡಯಾಲಿಸಿಸ್‌ಗೆ ಬಳಸಿದ್ದರಿಂದ 50ಕ್ಕೂ ಹೆಚ್ಚು ರೋಗಿಗಳು ಮೃತಪಟ್ಟರು. ಆದ್ದರಿಂದ ನೀರಿನ ಮೇಲೆ ನೀಲಿಹಸಿರು ಕೆನೆ ಕಂಡುಬಂದರೆ ಅದನ್ನು ಕುಡಿಯಲು, ಅಡುಗೆಗೆ, ಸ್ನಾನಕ್ಕೆ ಬಳಸಬಾರದು.

ಟ್ಯಾಂಕ್‌ಗಳಲ್ಲಿ ನಿಯಂತ್ರಣ

ಬೆಳಕನ್ನು ತಡೆಯುವುದೇ ಅತ್ಯಂತ ಸರಳ ಉಪಾಯ. ಒಳಪದರ ಕಪ್ಪಾಗಿರುವ ಪ್ಲಾಸ್ಟಿಕ್ ಟ್ಯಾಂಕ್ ಹಾಗೂ ಬಿಗಿಯಾದ ಮುಚ್ಚಳ ಪಾಚಿಯನ್ನು ತಡೆಯುತ್ತವೆ. ಮುಚ್ಚಳದಿಂದ ಡೆಂಗಿ ಹರಡುವ ಸೊಳ್ಳೆಯೂ ಮೊಟ್ಟೆಯಿಡಲಾರದು. ಪಾಚಿ ಹಿಡಿದಿದ್ದರೆ ಟ್ಯಾಂಕನ್ನು ಬರಿದು ಮಾಡಿ, ಗೋಡೆಗಳನ್ನು ಬ್ರಷ್‌ನಿಂದ ಉಜ್ಜಿ, ಕೆಸರನ್ನು ಹೊರಹಾಕಿ, ಬ್ಲೀಚಿಂಗ್ ಪುಡಿಯ ದ್ರಾವಣದಿಂದ ತೊಳೆದ ಬಳಿಕ ಶುದ್ಧ ನೀರಿನಿಂದ ಜಾಲಿಸಬೇಕು.

ಬಾವಿಗಳಲ್ಲಿ ನಿಯಂತ್ರಣ

ಬಾವಿಗೆ ಕಟ್ಟೆ ಮತ್ತು ಬಲೆಯ ಹೊದಿಕೆ ಇರಬೇಕು. ಹೊರಗಿನ ನೀರು ಒಳನುಗ್ಗದಂತೆ ಸುತ್ತ ಸಿಮೆಂಟ್ ಹಾಸಿರಬೇಕು. ಸೋಂಕು ನಿವಾರಣೆಗೆ ಸಾಮಾನ್ಯವಾಗಿ 1,000 ಲೀಟರ್ ನೀರಿಗೆ 2.5 ಗ್ರಾಂ ತಾಜಾ ಬ್ಲೀಚಿಂಗ್ ಪುಡಿ ಬಳಸುತ್ತಾರೆ. 3 ಮೀಟರ್ ವ್ಯಾಸದ ಬಾವಿಯಲ್ಲಿ 4 ಮೀಟರ್ ನೀರಿದ್ದರೆ ಅದು ಸುಮಾರು 28,000 ಲೀಟರ್ ಆಗುತ್ತದೆ. ಅದಕ್ಕೆ ಸುಮಾರು 70 ಗ್ರಾಂ ಪುಡಿ ಬೇಕು. ಪುಡಿಯನ್ನು ಬಕೆಟ್ ನೀರಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ಬಾವಿಗೆ ಸೇರಿಸಿ ಕಲಕಬೇಕು. ಕನಿಷ್ಠ ಒಂದು ಗಂಟೆ ನೀರು ಸೇದಬಾರದು. ಭಾರತೀಯ ಮಾನಕ 10500ರ (2012) ಪ್ರಕಾರ ಕುಡಿಯುವ ನೀರಿನಲ್ಲಿ ಉಳಿಯಬೇಕಾದ ಮುಕ್ತ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ. ಗೋಡೆಗಂಟಿದ ಪಾಚಿಯನ್ನು ಮೊದಲು ಉಜ್ಜಿ ತೆಗೆಯದಿದ್ದರೆ ಈ ಪ್ರಮಾಣ ಸಾಲದು.

ಮೈಲುತುತ್ತದ ಬಳಕೆ

ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಮೂಲವಸ್ತುವಾದ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಪಾಚಿನಾಶಕವೂ ಹೌದು. ಅಡಿಕೆ ಬೆಳೆಗಾರರ ಮನೆಗಳಲ್ಲಿ ಇದು ಸುಲಭವಾಗಿ ಸಿಗುತ್ತದೆಯಾದರೂ ಕುಡಿಯುವ ನೀರಿನ ಬಾವಿಗೆ ಅಂದಾಜಿನಲ್ಲಿ ಹಾಕುವುದು ಅಪಾಯಕರ. ಮೇಲಿನ ಮಾನಕದಲ್ಲಿ ತಾಮ್ರದ ಸ್ವೀಕಾರಾರ್ಹ ಮಿತಿ ಲೀಟರಿಗೆ 0.05 ಮಿಲಿಗ್ರಾಂ, ಬೇರೆ ಮೂಲವಿಲ್ಲದಿದ್ದಾಗ 1.5 ಮಿಲಿಗ್ರಾಂ. ಮುರಕಲ್ಲು ಪ್ರದೇಶದ ಮೆದು, ಆಮ್ಲೀಯ ನೀರಿನಲ್ಲಿ ತಾಮ್ರ ಮೀನುಗಳಿಗೆ ಇನ್ನಷ್ಟು ಮಾರಕ. ನೀಲಿಹಸಿರು ಪಾಚಿ ಒಮ್ಮೆಲೇ ಸತ್ತಾಗ ಅದರೊಳಗಿನ ವಿಷವೂ ನೀರಿಗೆ ಬಿಡುಗಡೆಯಾಗುತ್ತದೆ.

ಈಜುಕೊಳಗಳಲ್ಲಿ ನಿಯಂತ್ರಣ

ಈಜುಕೊಳದಲ್ಲಿ ಮುಕ್ತ ಕ್ಲೋರಿನ್ ಲೀಟರಿಗೆ 1ರಿಂದ 3 ಮಿಲಿಗ್ರಾಂ, ಪಿಎಚ್ 7.2ರಿಂದ 7.8 ಇರುವಂತೆ ನೋಡಿಕೊಳ್ಳುವುದು ರೂಢಿ. ಪಿಎಚ್ ಏರಿದಂತೆ ಕ್ಲೋರಿನ್‌ನ ಶಕ್ತಿ ಕುಗ್ಗುತ್ತದೆ. ಬಿಸಿಲು ಕ್ಲೋರಿನ್ ಅನ್ನು ವಿಘಟಿಸುವುದರಿಂದ ಹೆಚ್ಚಿನ ಪ್ರಮಾಣವನ್ನು ಸಂಜೆಯ ನಂತರ ಸೇರಿಸಲಾಗುತ್ತದೆ. ಗೋಡೆ ಉಜ್ಜುವುದು, ನೀರನ್ನು ಸತತವಾಗಿ ಸೋಸುವುದು ಹಾಗೂ ಸೋಸುಕವನ್ನು ಹಿಮ್ಮುಖವಾಗಿ ತೊಳೆಯುವುದು ಇದರೊಂದಿಗೆ ನಡೆಯಬೇಕು.

ಮುನ್ನೆಚ್ಚರಿಕೆಗಳು

ಬ್ಲೀಚಿಂಗ್ ಪುಡಿಯನ್ನು ಶೌಚಾಲಯ ತೊಳೆಯುವ ಆಮ್ಲದೊಂದಿಗೆ ಬೆರೆಸಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ. ಮುಚ್ಚಿದ ಟ್ಯಾಂಕ್ ಅಥವಾ ಆಳವಾದ ಬಾವಿಯೊಳಗೆ ಒಬ್ಬರೇ ಇಳಿದು ಕೆಲಸ ಮಾಡಬಾರದು. ತೇವಾಂಶದಿಂದ ಪುಡಿಯ ಶಕ್ತಿ ಬೇಗ ಕುಂದುವುದರಿಂದ ಕರಾವಳಿಯ ಹವೆಯಲ್ಲಿ ಅದನ್ನು ಗಾಳಿಯಾಡದ ಡಬ್ಬಿಯಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡಬೇಕು.