ತೇಪೆಯ ಮರ್ಯಾದೆ

ತೇಪೆ ಹಚ್ಚಿದ ಅಂಗಿಯನ್ನು ತೊಟ್ಟು ಬಂದ ಹುಡುಗನು ತರಗತಿಯಲ್ಲಿ ಹಿಂದಿನ ಸಾಲನ್ನು ಹುಡುಕಿಕೊಂಡು ಹೋಗಿ ಕುಳಿತುಕೊಳ್ಳುವುದನ್ನು ಅಧ್ಯಾಪಕರಾದವರೆಲ್ಲರೂ ಕಂಡಿರುತ್ತಾರೆ. ಹರಿದುದು ಅಂಗಿ, ನಾಚಿಕೊಳ್ಳುವವನು ಹುಡುಗ. ದೀಪದ ಬೆಳಕಿನಲ್ಲಿ ಕುಳಿತು, ಬಣ್ಣಕ್ಕೆ ಬಣ್ಣ ಹೊಂದಿಸಿ, ಎಳೆಗೆ ಎಳೆ ಕೂಡಿಸಿ ಆ ತೇಪೆಯನ್ನು ಹಾಕಿದ ತಾಯಿಯ ಜಾಣ್ಮೆಯನ್ನು ಯಾರೂ ಎಣಿಕೆಗೆ ತರುವುದಿಲ್ಲ. ನಮ್ಮ ಚರಿತ್ರೆಯ ಪುಸ್ತಕಗಳೂ ಹಾಗೆಯೇ. ಅರಸರ ಪೀತಾಂಬರಕ್ಕೆ ಅಲ್ಲಿ ಸ್ಥಳವುಂಟು. ಬಡವರ ಹೊಲಿಗೆಗೆ ಇಲ್ಲ.

ಆದರೆ ಒಂದು ಬಲಾಢ್ಯ ರಾಷ್ಟ್ರವು ತನ್ನ ಪ್ರಜೆಗಳೆಲ್ಲರಿಗೂ, ಸಿರಿವಂತರಿಗೂ ಬಡವರಿಗೂ, ಹರಿದುದನ್ನು ಹೊಲಿದುಕೊಳ್ಳಿರೆಂದು ಪುಸ್ತಿಕೆಯನ್ನೇ ಅಚ್ಚು ಹಾಕಿಸಿ ಬೋಧಿಸಿದ ಕಾಲವೊಂದಿತ್ತು. ಆ ರಾಷ್ಟ್ರವು ಬ್ರಿಟನ್. ಕಾಲವು ಎರಡನೆಯ ಮಹಾಯುದ್ಧ. ಆಗ ನಮ್ಮ ದೇಶವನ್ನು ಆಳುತ್ತಿದ್ದವರೂ ಅವರೇ. ಒಂದೇ ಆಳಿಕೆಯ ಕೆಳಗೆ, ಒಂದೇ ಯುದ್ಧದ ವರ್ಷಗಳಲ್ಲಿ, ಬಟ್ಟೆಯ ಅಭಾವವನ್ನು ಎರಡು ದೇಶಗಳ ಜನ ಹೇಗೆ ಎದುರಿಸಿದರೆಂಬುದನ್ನು ಜೊತೆಯಲ್ಲಿಟ್ಟು ನೋಡಿದರೆ, ತೇಪೆಯ ಮರ್ಯಾದೆ ಎಲ್ಲಿಂದ ಬರುತ್ತದೆ, ಎಲ್ಲಿ ಕಳೆದುಹೋಗುತ್ತದೆ ಎಂಬುದು ತಿಳಿದೀತು.

ಮೊದಲು ಬ್ರಿಟನ್ನಿನ ಸಂಗತಿ. ಅಲ್ಲಿಯ ಗಿರಣಿಗಳಿಗೆ ಬೇಕಾದ ಹತ್ತಿಯೆಲ್ಲವೂ, ಉಣ್ಣೆಯ ಬಹುಪಾಲೂ ಹಡಗಿನಲ್ಲಿ ಹೊರಗಿನಿಂದ ಬರಬೇಕಾಗಿತ್ತು. ಯುದ್ಧವು ಆರಂಭವಾದ ಮೇಲೆ ಹಡಗುಗಳು ಆಹಾರಕ್ಕೂ ಮದ್ದುಗುಂಡಿಗೂ ಸಾಲದಾದುವು. ಸೈನಿಕರ ಸಮವಸ್ತ್ರಗಳಿಗೆ ಬಟ್ಟೆ ಬೇಕಾಯಿತು. ಬಟ್ಟೆಯ ಕಾರ್ಖಾನೆಗಳ ಕೆಲಸಗಾರರು ಯುದ್ಧಸಾಮಗ್ರಿಯ ಕಾರ್ಖಾನೆಗಳಿಗೆ ಬೇಕಾದರು. ಹೀಗಾಗಿ ಸಾಮಾನ್ಯ ಜನರಿಗೆ ಉಳಿಯುವ ಬಟ್ಟೆ ಕಡಮೆಯಾಗಿ ಬೆಲೆ ಏರತೊಡಗಿತು. ಹಣವಿದ್ದವರು ಕೊಳ್ಳಲಿ, ಇಲ್ಲದವರು ಬಿಡಲಿ ಎಂದು ಸುಮ್ಮನಿದ್ದರೆ ಜನರ ಒಗ್ಗಟ್ಟು ಒಡೆದೀತೆಂದು ಸರಕಾರಕ್ಕೆ ತೋರಿತು.

೧೯೪೧ರ ಜೂನ್ ೧ನೆಯ ತಾರೀಖು ಭಾನುವಾರ. ಅದು ಕ್ರೈಸ್ತರ ಹಬ್ಬದ ದಿನ, ಮರುದಿನವೂ ರಜೆ, ಅಂಗಡಿಗಳು ಮುಚ್ಚಿದ್ದುವು. ಆ ದಿನ ಬೆಳಿಗ್ಗೆ ವಾಣಿಜ್ಯ ಮಂಡಳಿಯ ಅಧ್ಯಕ್ಷ ಆಲಿವರ್ ಲಿಟಲ್‌ಟನ್ ಅವರು ಬಟ್ಟೆಗೂ ಪಡಿತರ ಬಂದಿತೆಂದು ರೇಡಿಯೋದಲ್ಲಿ ಸಾರಿದರು. ಸುದ್ದಿ ಮೊದಲೇ ಹರಡಿದ್ದರೆ ಜನ ಅಂಗಡಿಗಳಿಗೆ ಮುಗಿಬೀಳುತ್ತಿದ್ದರು. ಅದಕ್ಕಾಗಿಯೇ ಈ ಗುಟ್ಟು. ಹೊಸ ಚೀಟಿಗಳನ್ನು ಮೊದಲೇ ಅಚ್ಚು ಹಾಕಿಸಿ ಹಂಚಿದ್ದರೆ ಗುಟ್ಟು ಉಳಿಯುತ್ತಿರಲಿಲ್ಲವಾದುದರಿಂದ, ಆಹಾರದ ಪಡಿಪುಸ್ತಕದಲ್ಲಿ ಮಾರ್ಗರೀನಿಗೆಂದು ಮೀಸಲಾಗಿ, ಬಳಕೆಯಾಗದೆ ಉಳಿದಿದ್ದ ಚೀಟಿಗಳನ್ನೇ ಮೊದಲಲ್ಲಿ ಬಟ್ಟೆಯ ಕೂಪನ್ನುಗಳೆಂದು ಬಳಸಲಾಯಿತು. ಬೆಣ್ಣೆಯ ಬದಲಿಗೆ ರೊಟ್ಟಿಗೆ ಸವರುವ ಜಿಡ್ಡಿನ ಚೀಟಿ ಒಂದೇ ದಿನದಲ್ಲಿ ಅಂಗಿಯ ಚೀಟಿಯಾಯಿತು!

ಪ್ರತಿಯೊಬ್ಬ ವಯಸ್ಕನಿಗೆ ಮೊದಲ ವರ್ಷಕ್ಕೆ ೬೬ ಕೂಪನ್ನುಗಳು. ಇದು ಹಣದ ಬದಲಿಯಾಗಿರಲಿಲ್ಲ; ಹಣವನ್ನೂ ಕೊಡಬೇಕು, ಕೂಪನ್ನನ್ನೂ ಕೊಡಬೇಕು. ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ಗಂಡಸಿನ ಕೋಟು, ಒಳಕೋಟು, ಷರಾಯಿ ಸೇರಿದ ಉಣ್ಣೆಯ ಸೂಟಿಗೆ ೨೬. ಚಳಿಗಾಲದ ಅಸ್ತರಿಯ ನಿಲುವಂಗಿಗೆ ೧೬. ಒಂದು ಜೊತೆ ಬೂಟಿಗೆ ೭. ಎರಡು ಹತ್ತಿಯ ಷರಟುಗಳಿಗೆ ೧೦. ಒಟ್ಟು ೫೯ ಆಯಿತು. ಉಳಿದ ಏಳರಲ್ಲಿ ಕಾಲುಚೀಲ, ಒಳಉಡುಪು ಎಲ್ಲವೂ ಸಾಗಬೇಕು. ಮುಂದಿನ ವರ್ಷಗಳಲ್ಲಿ ಈ ಪಾಲು ಇನ್ನೂ ಇಳಿಯಿತು. ಯುದ್ಧವು ಮುಗಿದ ಮೇಲೆಯೂ, ೧೯೪೫ರ ಸೆಪ್ಟೆಂಬರಿನಿಂದ ಎಂಟು ತಿಂಗಳ ಕಾಲಕ್ಕೆ ದೊರೆತುವು ಕೇವಲ ೨೪.

ಇಂತಹ ಲೆಕ್ಕದಲ್ಲಿ ಸೂಜಿಯ ಬೆಲೆ ತಾನಾಗಿಯೇ ಏರಿತು. ಸಿದ್ಧವಾದ ಉಣ್ಣೆಯ ಹೆಣ್ಣುಡುಗೆಗೆ ೧೧ ಕೂಪನ್ನುಗಳಾದರೆ, ಉಣ್ಣೆಯ ಬಟ್ಟೆಗೆ ಗಜಕ್ಕೆ ಮೂರು. ಮೂರು ಗಜದಲ್ಲಿ ಮುಗಿಸಬಲ್ಲ ಜಾಣೆ ತಾನೇ ಹೊಲಿದುಕೊಂಡರೆ ಎರಡು ಕೂಪನ್ನುಗಳನ್ನು ಉಳಿಸುತ್ತಿದ್ದಳು. ಹೊಲಿಗೆಯ ದಾರ, ರಫೂ ಮಾಡುವ ಉಣ್ಣೆಯೆಳೆ, ಟೋಪಿ ಮುಂತಾದುವಕ್ಕೆ ಮೊದಲಲ್ಲಿ ಕೂಪನ್ನು ಬೇಕಿರಲಿಲ್ಲ. ಕಿಟಕಿಗಳ ಬೆಳಕು ವಿಮಾನಗಳಿಗೆ ಕಾಣದಂತೆ ಕಟ್ಟುವ ಕರಿಯ ಬಟ್ಟೆಗೂ ಆರಂಭದಲ್ಲಿ ಬೇಕಿರಲಿಲ್ಲ; ಹಾಗಾಗಿ ಆ ಬಟ್ಟೆಯೂ ಕೆಲವು ಮನೆಗಳಲ್ಲಿ ಲಂಗವಾಯಿತು. ಬಳಸಿದ ಹಳೆಯ ಬಟ್ಟೆಯನ್ನು ಗೊತ್ತಾದ ಬೆಲೆಯ ಒಳಗೆ ಕೂಪನ್ನಿಲ್ಲದೆ ಕೊಳ್ಳಬಹುದಾಗಿತ್ತು. ಆದುದರಿಂದ ಹಳೆಯ ಬಟ್ಟೆಯ ಅಂಗಡಿಗೆ ಹಿಂದೆ ಎಂದೂ ಹೋಗದಿದ್ದವರೂ ಹೋದರು. ಬೆಳೆಯುವ ಮಕ್ಕಳ ಬಟ್ಟೆಗಳನ್ನು ಅದಲು ಬದಲು ಮಾಡಿಕೊಳ್ಳಲು ಮಹಿಳಾ ಸ್ವಯಂಸೇವಾ ದಳದವರು ವಿನಿಮಯ ಕೇಂದ್ರಗಳನ್ನು ನಡೆಸಿದರು. ತಾಯಿಯೊಬ್ಬಳು ಮಗನಿಗೆ ಚಿಕ್ಕದಾದ ಕೋಟನ್ನು ಕೊಟ್ಟು, ಇನ್ನೊಬ್ಬಳ ಮಗನಿಗೆ ಚಿಕ್ಕದಾದುದನ್ನು ತನ್ನವನಿಗೆ ತರುತ್ತಿದ್ದಳು.

೧೯೪೩ರಲ್ಲಿ ಸರಕಾರವು 'ಮೇಕ್ ಡೂ ಅಂಡ್ ಮೆಂಡ್' ಎಂಬ ಪುಸ್ತಿಕೆಯನ್ನು ಹೊರತಂದಿತು. ಇದ್ದುದರಲ್ಲಿ ಸಾಗಿಸಿರಿ, ಹರಿದುದನ್ನು ಸರಿಪಡಿಸಿರಿ ಎಂದು ಅದರ ಭಾವ. ಆ ಕಾಲದ ಇಂತಹ ಬೋಧನೆಗಳಲ್ಲಿದ್ದ ಉಪಾಯಗಳು ಸರಳವಾದುವು. ಷರಟಿನ ಕೊರಳಪಟ್ಟಿ ಸವೆದರೆ ಬಿಚ್ಚಿ ತಿರುವಿ ಹೊಲಿಯುವುದು; ಮೊಣಕೈಯ ಬಳಿ ಹರಿಯುವ ಮೊದಲೇ ತೊಗಲಿನ ತೇಪೆ ಕೊಡುವುದು; ಹಳೆಯ ಸ್ವೆಟರನ್ನು ಬಿಚ್ಚಿ, ಎಳೆಯನ್ನು ತೊಳೆದು, ಮತ್ತೆ ಹೆಣೆಯುವುದು; ನಡುವೆ ಸವೆದ ಹಾಸಿಗೆಯ ಹೊದಿಕೆಯನ್ನು ಉದ್ದಕ್ಕೆ ಕತ್ತರಿಸಿ ಗಟ್ಟಿಯಾದ ಅಂಚುಗಳನ್ನು ನಡುವೆ ತಂದು ಕೂಡಿಸುವುದು; ಗಂಡಸಿನ ಹಳೆಯ ಸೂಟನ್ನು ಹೆಂಗಸಿನ ಉಡುಗೆಯಾಗಿ ಮಾರ್ಪಡಿಸುವುದು. ಇವನ್ನು ಕಲಿಸಲು ಊರೂರಿನಲ್ಲಿ ಹೊಲಿಗೆಯ ವರ್ಗಗಳು ನಡೆದುವು.

ಆದರೆ ಕೂಪನ್ನಿನಲ್ಲೂ ಒಂದು ಅನ್ಯಾಯವು ಅಡಗಿತ್ತು. ಸಾವಿರ ರೂಪಾಯಿಯ ಕೋಟಿಗೂ ನೂರು ರೂಪಾಯಿಯ ಕೋಟಿಗೂ ಕೂಪನ್ನು ಒಂದೇ ಎಂದುಕೊಳ್ಳಿರಿ. ಸಿರಿವಂತನ ಕೋಟು ಹತ್ತು ವರ್ಷ ಬಾಳುತ್ತದೆ. ಬಡವನದು ಎರಡೇ ವರ್ಷಕ್ಕೆ ಹರಿಯುತ್ತದೆ. ಬಡವನ ಕೂಪನ್ನು ಬೇಗ ಖರ್ಚಾಗುತ್ತದೆ. ಬ್ರಿಟನ್ನಿನಲ್ಲಿ ಆದುದೂ ಇದೇ. ಇದನ್ನು ಸರಿಪಡಿಸಲು ಸರಕಾರವು 'ಯುಟಿಲಿಟಿ' ಎಂಬ ಹೆಸರಿನ ಬಟ್ಟೆಗಳನ್ನು ತಂದಿತು. 'ಸಿಸಿ ೪೧' ಎಂಬ ಮುದ್ರೆಯಿರುವ ಈ ಬಟ್ಟೆಗೆ ಗುಣವೂ ಗೊತ್ತು, ಗರಿಷ್ಠ ಬೆಲೆಯೂ ಗೊತ್ತು. ೧೯೪೨ರಿಂದ ಮಾರಾಟದ ತೆರಿಗೆಯೂ ಇಲ್ಲ. ಅದೇ ವರ್ಷ ಲಂಡನ್ನಿನ ಹೆಸರಾಂತ ವಿನ್ಯಾಸಕಾರರಿಂದಲೇ ಈ ಅಗ್ಗದ ಉಡುಗೆಗಳಿಗೆ ಮಾದರಿಗಳನ್ನು ಮಾಡಿಸಲಾಯಿತು. ಜೇಬುಗಳೆಷ್ಟು, ಗುಂಡಿಗಳೆಷ್ಟು, ನೆರಿಗೆಗಳೆಷ್ಟು ಎಂಬುದಕ್ಕೂ ಕಟ್ಟಳೆ ಬಂದಿತು. ಷರಾಯಿಯ ಕೆಳಗಿನ ಮಡಿಕೆಯನ್ನು ನಿಷೇಧಿಸಿದಾಗ ಗಂಡಸರು ಗೊಣಗಿದರು. ಕೆಲವರು ಬೇಕೆಂದೇ ಉದ್ದದ ಷರಾಯಿಯನ್ನು ಕೊಂಡು ಮನೆಯಲ್ಲಿ ಮಡಿಸಿ ಹೊಲಿಸಿಕೊಂಡರು!

ಎಲ್ಲರೂ ಸಂತೋಷದಿಂದ ಒಪ್ಪಿದರೆಂದು ತಿಳಿಯಬಾರದು. ಕಾಳಸಂತೆಯಿತ್ತು, ಕೂಪನ್ನುಗಳ ಕಳ್ಳವ್ಯಾಪಾರವಿತ್ತು. ಹಗಲಿರುಳು ಕಾರ್ಖಾನೆಯಲ್ಲಿ ದುಡಿಯುವ ಹೆಂಗಸಿಗೆ ಹೊಲಿಯಲು ಬಿಡುವೆಲ್ಲಿ? ಹುಟ್ಟಿದಾರಭ್ಯ ತೇಪೆ ಹಾಕಿಕೊಂಡೇ ಬಂದ ಬಡವರಿಗೆ ತೇಪೆಯ ಪಾಠವೂ ಬೇಕಿರಲಿಲ್ಲ. ಯುದ್ಧದ ಮೊದಲೇ ಪೆಟ್ಟಿಗೆ ತುಂಬ ಬಟ್ಟೆಯಿದ್ದವರ ಸುಖ ಬೇರೆ, ಎರಡೇ ಅಂಗಿಯಿದ್ದವರ ಕಷ್ಟ ಬೇರೆ. ಆದರೂ ನಿಯಮವೊಂದೇ ಎಂಬ ನಂಬಿಕೆ ಜನರಲ್ಲಿ ನಿಂತಿತ್ತು. ೧೯೪೭ರ ನವೆಂಬರಿನಲ್ಲಿ ರಾಜಕುಮಾರಿ ಎಲಿಜಬೆತ್ತಳ ಮದುವೆಯಾದಾಗ ಆಕೆಯ ಮದುವಣಗಿತ್ತಿಯ ಉಡುಗೆಗೂ ಕೂಪನ್ನು ಬೇಕಾಯಿತು. ಅಭಿಮಾನದಿಂದ ಎಷ್ಟೋ ಮಂದಿ ತಮ್ಮ ಕೂಪನ್ನುಗಳನ್ನು ಅಂಚೆಯಲ್ಲಿ ಕಳುಹಿಸಿದರು. ಒಬ್ಬರ ಕೂಪನ್ನನ್ನು ಇನ್ನೊಬ್ಬರು ಬಳಸುವುದು ಕಾನೂನಿಗೆ ವಿರುದ್ಧವಾದುದರಿಂದ ಅವು ಹಿಂದಿರುಗಿ ಹೋದುವು. ಬಟ್ಟೆಯ ಪಡಿತರವು ಕೊನೆಗೊಂಡುದು ೧೯೪೯ರ ಮಾರ್ಚಿನಲ್ಲಿ.

ಈಗ ನಮ್ಮ ಕಡೆಗೆ ತಿರುಗೋಣ. ಹತ್ತಿಯನ್ನು ತಾನೇ ಬೆಳೆಯುವ, ಗಿರಣಿಗಳೂ ಕೈಮಗ್ಗಗಳೂ ಸಾಕಷ್ಟಿದ್ದ ಭಾರತದಲ್ಲಿ ಬಟ್ಟೆಯ ಬರ ಬರಬೇಕಾಗಿರಲಿಲ್ಲ. ಸೊಲ್ಲಾಪುರದಲ್ಲಿ ಮೊದಲ ಗಿರಣಿ ಎದ್ದುದು ಹತ್ತೊಂಬತ್ತನೆಯ ಶತಮಾನದ ಎಪ್ಪತ್ತರ ದಶಕದಲ್ಲಿ. ಕನ್ನಡ, ತೆಲುಗು, ಮರಾಠಿ ಮಾತಿನ ಕೆಲಸಗಾರರು ಅಲ್ಲಿ ಒಟ್ಟಿಗೆ ದುಡಿದರು. ಆದರೆ ಯುದ್ಧಕಾಲದಲ್ಲಿ ನಮ್ಮ ಗಿರಣಿಗಳ ಬಟ್ಟೆಯ ದೊಡ್ಡ ಪಾಲು ಸೈನ್ಯಕ್ಕೂ ಹೊರದೇಶಗಳಿಗೂ ಹೋಯಿತು. ೧೯೪೧ರ ಡಿಸೆಂಬರಿನಲ್ಲಿ ಜಪಾನು ಯುದ್ಧಕ್ಕಿಳಿದ ಮೇಲೆ ಅಲ್ಲಿಯ ಅಗ್ಗದ ಬಟ್ಟೆ ಬರುವ ಮಾತೇ ಇಲ್ಲವಾಯಿತು. ಲಂಕಾಶೈರಿನ ಬಟ್ಟೆಯೂ ಕಡಮೆಯಾಯಿತು. ೧೯೪೩ರ ನಡುವಿನ ಹೊತ್ತಿಗೆ ಬಟ್ಟೆಯ ಬೆಲೆಯು ಯುದ್ಧಪೂರ್ವದ ಬೆಲೆಯ ನಾಲ್ಕೈದು ಪಟ್ಟಾಗಿತ್ತು. ಆ ವರ್ಷದ ಜೂನಿನಲ್ಲಿ ಸರಕಾರವು ಹತ್ತಿಬಟ್ಟೆ ಮತ್ತು ನೂಲಿನ ನಿಯಂತ್ರಣದ ಆಜ್ಞೆಯನ್ನು ಹೊರಡಿಸಿತು. ಗರಿಷ್ಠ ಬೆಲೆಯನ್ನು ಬಟ್ಟೆಯ ಮೇಲೆಯೇ ಮುದ್ರಿಸಬೇಕೆಂದು ಗೊತ್ತುಪಡಿಸಿತು.

ಎರಡು ದೇಶಗಳ ಭೇದವನ್ನು ಇಲ್ಲಿ ಗಮನಿಸಬೇಕು. ಬ್ರಿಟನ್ನಿನಲ್ಲಿ ನಿಯಂತ್ರಣವು ಮೊದಲಿನಿಂದಲೇ ಪ್ರತಿಯೊಬ್ಬನ ಪಾಲಿನಿಂದ ಹೊರಟಿತು: ನಿನಗೆ ಇಷ್ಟು, ಅವನಿಗೂ ಇಷ್ಟು. ನಮ್ಮಲ್ಲಿ ಅದು ಬೆಲೆಯಿಂದ ಹೊರಟಿತು. ಮುದ್ರೆಯ ಬೆಲೆಗೆ ಅಂಗಡಿಯಲ್ಲಿ ಬಟ್ಟೆ ಸಿಕ್ಕಬೇಕಲ್ಲ! ಅಂಗಡಿಯ ಮುಂಬಾಗಿಲಿನಲ್ಲಿ ಇಲ್ಲವೆಂದ ಬಟ್ಟೆ ಹಿಂಬಾಗಿಲಿನಲ್ಲಿ ಎರಡರಷ್ಟು ಬೆಲೆಗೆ ಸಿಕ್ಕಿತು. ಪಡಿಚೀಟಿಯ ಮೇಲೆ ಬಟ್ಟೆ ಕೊಡುವ ವ್ಯವಸ್ಥೆ ಕೆಲವು ಪ್ರಾಂತಗಳಲ್ಲಿ ಆಮೇಲೆ ಬಂದಿತಾದರೂ ಸರಕು ಮೊದಲು ಪೇಟೆಗೆ, ಕಡೆಗೆ ಹಳ್ಳಿಗೆ. ಬಂಗಾಳದಲ್ಲಿ ೧೯೪೩ರ ಘೋರ ಕ್ಷಾಮದ ಬೆನ್ನಿಗೇ ಬಟ್ಟೆಯ ಬರವೂ ಬಂದು, ಮೈ ಮುಚ್ಚಲು ಬಟ್ಟೆಯಿಲ್ಲದೆ ಹೆಂಗಸರು ಮನೆಯಿಂದ ಹೊರಬರಲಾರದ ಸ್ಥಿತಿ ಒದಗಿತು. ಸ್ವಾತಂತ್ರ್ಯದ ನಂತರ ೧೯೪೮ರ ಆರಂಭದಲ್ಲಿ ನಿಯಂತ್ರಣವನ್ನು ತೆಗೆದಾಗ ಬೆಲೆಗಳು ಹಾರಿದುವು. ಅದೇ ವರ್ಷ ಅದನ್ನು ಮತ್ತೆ ತರಬೇಕಾಯಿತು.

ಹಾಗಾದರೆ ನಮ್ಮ ಜನ ಹೊಲಿಗೆಯಲ್ಲಿ ಹಿಂದೆ ಬಿದ್ದಿದ್ದರೆ? ಎಂದಿಗೂ ಇಲ್ಲ. ಬ್ರಿಟನ್ನಿನ ಸರಕಾರವು ಅಚ್ಚು ಹಾಕಿಸಿ ಕಲಿಸಿದುದು ನಮ್ಮ ಅಜ್ಜಿಯರಿಗೆ ಓದದೆಯೇ ಗೊತ್ತಿತ್ತು. ಹೊದಿಕೆಯ ಗಟ್ಟಿಯಾದ ಅಂಚುಗಳನ್ನು ನಡುವೆ ತರುವ ಉಪಾಯವನ್ನು ಮೇಲೆ ಹೇಳಿದೆನಷ್ಟೆ. ಎರಡು ಹರಕು ಸೀರೆಗಳ ಗಟ್ಟಿ ಭಾಗಗಳನ್ನು ಕತ್ತರಿಸಿ ಒಂದು ಸೀರೆಯಾಗಿ ಕೂಡಿಸುವುದು ನಮ್ಮ ಹಳ್ಳಿಗಳ ಹಳೆಯ ರೂಢಿ. ಅದೂ ಸವೆದರೆ ಮಗಳ ಲಂಗ. ಅದು ಹರಿದರೆ ತೊಟ್ಟಿಲ ಬಟ್ಟೆ. ಉಳಿದ ಚೂರುಗಳೆಲ್ಲ ಪದರ ಪದರವಾಗಿ ಕೌದಿಯೊಳಗೆ. ಕೌದಿಗೂ ಬಾರದುದು ನೆಲ ಒರಸಲು. ಕೊನೆಯ ಎಳೆ ದೀಪದ ಬತ್ತಿಗೆ. ಅಜ್ಜನ ಧೋತರ, ಅವ್ವನ ಸೀರೆ, ಮಗುವಿನ ಅಂಗಿ ಎಲ್ಲವೂ ಒಂದೇ ಕೌದಿಯಲ್ಲಿ ಸಾಲುಸಾಲಾದ ಹೊಲಿಗೆಯಿಂದ ಕೂಡಿ ಮೊಮ್ಮಕ್ಕಳಿಗೆ ಬೆಚ್ಚಗಾಗುತ್ತಿದ್ದುವು. ಊರೂರು ತಿರುಗಿ ಕೌದಿ ಹೊಲಿದುಕೊಟ್ಟು ಕಾಳು ಪಡೆಯುವ ಹೆಂಗಸರಿದ್ದರು. ಸಂತೆಯಲ್ಲಿ ತುಂಡುಬಟ್ಟೆಯ ರಾಶಿಯ ಮುಂದೆ ಕುಳಿತು, ಬಿಸಿಲಿಗೆ ಹಿಡಿದು ನೋಡಿ, ಅಂಚನ್ನು ಎಳೆದು ಪರೀಕ್ಷಿಸಿ, ಎದ್ದು ಹೋಗುವಂತೆ ನಟಿಸಿ, ಬೆಲೆಯನ್ನು ಅರ್ಧಕ್ಕಿಳಿಸುವ ಕಲೆಯೂ ಅವರದೇ.

ಈ ಕಾಯಕಕ್ಕೆ ನಮ್ಮ ನಾಡಿನಲ್ಲಿ ಮರ್ಯಾದೆಯೂ ಹಿಂದೆ ಇತ್ತು. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರರೊಬ್ಬರುಂಟು. ಅವರ ಹೆಸರಿನೊಡನೆ ಊರಾಗಲಿ ಬಿರುದಾಗಲಿ ಸೇರಿಲ್ಲ; ಸೂಜಿಯೇ ಸೇರಿದೆ. ಹೊಲಿಯುವುದು ಕೀಳೆಂದು ಬಗೆಯದ ಕಾಲವೊಂದು ಇತ್ತೆನ್ನಲು ಈ ಹೆಸರೊಂದೇ ಸಾಕು.

ಆದ್ದರಿಂದ ಈ ಎರಡು ಕಥೆಗಳಿಂದ ನಾವು ಕಲಿಯಬೇಕಾದುದು ಇಷ್ಟೆ. ಜಾಣ್ಮೆಯು ಎರಡು ಕಡೆಯೂ ಇತ್ತು. ನಮ್ಮ ಕಡೆ ಒಂದು ಹಿಡಿ ಹೆಚ್ಚಾಗಿಯೇ ಇತ್ತು. ಬ್ರಿಟನ್ನಿನಲ್ಲಿ ಅಧಿಕಾರಿಯ ಹೆಂಡತಿಯೂ ಗಿರಣಿಯ ಕೆಲಸಗಾರ್ತಿಯೂ ಒಂದೇ ಲೆಕ್ಕದ ಕೂಪನ್ನು ಹಿಡಿದು ನಿಂತುದರಿಂದ ಅಲ್ಲಿಯ ತೇಪೆಯು ದೇಶಸೇವೆಯ ಗುರುತಾಯಿತು. ನಮ್ಮಲ್ಲಿ ಒಬ್ಬರ ಪೆಟ್ಟಿಗೆ ತುಂಬಿ ಇನ್ನೊಬ್ಬರ ಮೈ ಬರಿದಾದುದರಿಂದ ಅದೇ ತೇಪೆಯು ಬಡತನದ ಗುರುತಾಗಿ ಉಳಿಯಿತು. ಮಿತವ್ಯಯವು ಎಲ್ಲರ ನೇಮವಾದಾಗ ಗುಣವೆನಿಸಿಕೊಳ್ಳುತ್ತದೆ. ಬಡವರಿಗೆ ಮಾತ್ರ ಬೋಧಿಸಿದಾಗ ಅದು ನಿಷ್ಠುರವಾಗುತ್ತದೆ. ಹುಡುಗನ ಅಂಗಿಯ ಮೇಲಿನ ತೇಪೆಯನ್ನು ಕಂಡಾಗ ಅಧ್ಯಾಪಕರು ಈ ಎರಡೂ ಮಾತನ್ನು ನೆನೆಯುವುದು ಒಳ್ಳೆಯದು.

ಇಂದು ಬಟ್ಟೆ ಹೇರಳವಾಗಿದೆ. ಹರಿಯುವ ಮೊದಲೇ ಬಿಸಾಡುವವರೂ ಇದ್ದಾರೆ. ಹೊಲಿಗೆಯ ಕೆಲಸವು ಕೈಯಿಂದ ಜಾರಿದಂತೆ ಅದರ ಮಾತುಗಳೂ ನಾಲಗೆಯಿಂದ ಜಾರುತ್ತಿವೆ. ಗಡಿಯಾಚೆ ನೆಲೆಸಿದ ನಮಗಂತೂ ಮನೆಯ ಮಾತೇ ಭಾಷೆಯ ಬೇರು. ವಿದ್ಯಾರ್ಥಿ ಮಿತ್ರರು ಈ ರಜೆಯಲ್ಲಿ ತಮ್ಮ ಮನೆಯ ಹಿರಿಯರ ಬಳಿ ಹಳೆಯ ಕೌದಿಯೊಂದನ್ನು ಬಿಚ್ಚಿ ಹಾಸಿ ಕುಳಿತು ಕೇಳಲಿ: ಈ ಚೂರು ಯಾರ ಸೀರೆಯದು, ಯಾವ ಸಂತೆಯದು, ಈ ಹೊಲಿಗೆಗೆ ಏನು ಹೆಸರು, ಇದನ್ನು ಕಲಿಸಿದವರಾರು? ಕೇಳಿದುದನ್ನು ಕನ್ನಡದಲ್ಲಿ ಬರೆದು ತರಲಿ. ಅಧ್ಯಾಪಕರು ಅದನ್ನು ತರಗತಿಯಲ್ಲಿ ಓದಿಸಲಿ. ಹಿಂದಿನ ಸಾಲಿನಲ್ಲಿ ಕುಳಿತ ಹುಡುಗನಿಂದಲೇ ಮೊದಲು ಓದಿಸಲಿ.