ಏನಿದು 'ಪಾಲ್ಗೊಳ್ಳುವಿಕೆಯ ಏಣಿ'? ನಗರ ಯೋಜನೆಯಲ್ಲಿ ಜನರ ಮಾತಿಗೆ ಬೆಲೆ ಎಷ್ಟು?

ರಸ್ತೆ ಅಗಲೀಕರಣವಿರಲಿ, ಮಾಸ್ಟರ್ ಪ್ಲಾನ್ ಇರಲಿ, 'ಸಾರ್ವಜನಿಕರಿಂದ ಆಕ್ಷೇಪಣೆ, ಸಲಹೆ ಆಹ್ವಾನಿಸಲಾಗಿದೆ' ಎಂಬ ಪ್ರಕಟಣೆ ಪತ್ರಿಕೆಯ ಮೂಲೆಯಲ್ಲಿ ಬರುತ್ತದೆ. ಅರ್ಜಿ ಕೊಟ್ಟವರ ಮಾತಿನಿಂದ ನಕ್ಷೆ ಬದಲಾಗುತ್ತದೆಯೇ, ಇಲ್ಲ ಅದು ಕಡತ ಸೇರುತ್ತದೆಯೇ? ಇದನ್ನು ಅಳೆಯಲು ಯೋಜನಾ ಶಾಸ್ತ್ರದಲ್ಲಿ ಇಂದಿಗೂ ಬಳಸುವ ಅಳತೆಗೋಲು, ಅಮೆರಿಕದ ಶೆರ್ರಿ ಆರ್ನ್‌ಸ್ಟೀನ್ 1969ರಲ್ಲಿ ಮುಂದಿಟ್ಟ 'ನಾಗರಿಕ ಪಾಲ್ಗೊಳ್ಳುವಿಕೆಯ ಏಣಿ'.

ಆರ್ನ್‌ಸ್ಟೀನ್ ಅಮೆರಿಕದ ವಸತಿ ಮತ್ತು ನಗರಾಭಿವೃದ್ಧಿ ಇಲಾಖೆಯಲ್ಲಿ ಸಲಹೆಗಾರರಾಗಿದ್ದವರು. ನಗರ ನವೀಕರಣದ ಹೆಸರಿನಲ್ಲಿ ಅಲ್ಲಿ ಬಡವರ, ಅದರಲ್ಲೂ ಕಪ್ಪು ಜನರ ಬಡಾವಣೆಗಳು ನೆಲಸಮವಾಗಿದ್ದವು. ತಜ್ಞರಿಗೇ ಎಲ್ಲವೂ ಗೊತ್ತು ಎಂಬ ನಂಬಿಕೆಯನ್ನು ಜೇನ್ ಜೇಕಬ್ಸ್ 1961ರಲ್ಲೇ ಪ್ರಶ್ನಿಸಿದ್ದರು. ವಕೀಲ ಕಕ್ಷಿದಾರನ ಪರ ವಾದಿಸುವಂತೆ ಯೋಜಕರೂ ದನಿಯಿಲ್ಲದವರ ಪರ ವಾದಿಸಬೇಕು ಎಂದು 1965ರಲ್ಲಿ ಪಾಲ್ ಡೇವಿಡಾಫ್ ಬರೆದರು.

ಏಣಿಗೆ ಎಂಟು ಮೆಟ್ಟಿಲು. ಹೆಸರಿಗೊಂದು ಸಮಿತಿ ಮಾಡಿ ಒಪ್ಪಿಗೆಯ ಮುದ್ರೆ ಪಡೆಯುವುದು, ದೋಷ ಜನರದ್ದೇ ಎಂಬಂತೆ ಅವರಿಗೇ 'ಚಿಕಿತ್ಸೆ' ಕೊಡುವುದು ಕೆಳಗಿನ ಎರಡು. ಆರ್ನ್‌ಸ್ಟೀನ್ ಪ್ರಕಾರ ಇವು ಪಾಲ್ಗೊಳ್ಳುವಿಕೆಯೇ ಅಲ್ಲ. ಮಾಹಿತಿ ನೀಡುವುದು, ಅಭಿಪ್ರಾಯ ಕೇಳುವುದು, ಒಂದೆರಡು ಕುರ್ಚಿ ಕೊಟ್ಟು ಸಮಾಧಾನಪಡಿಸುವುದು ನಡುವಿನ ಮೂರು; ಇವು ಬರೀ ತೋರಿಕೆಯಾಗಿ ಉಳಿಯಬಹುದು. ಪಾಲುದಾರಿಕೆ, ಅಧಿಕಾರ ಹಸ್ತಾಂತರ, ನಾಗರಿಕರ ನಿಯಂತ್ರಣ ಎಂಬ ಮೇಲಿನ ಮೂರರಲ್ಲಿ ಮಾತ್ರ ಜನರ ಕೈಗೆ ನಿಜವಾದ ಅಧಿಕಾರ ಬರುತ್ತದೆ.

ಭಾರತ ಎಲ್ಲಿದೆ? 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ, 3 ಲಕ್ಷ ಅಥವಾ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕು ಎಂದಿತು. ಸಮಿತಿಯಲ್ಲಿ ಯಾರಿರಬೇಕು ಎಂಬುದನ್ನು ಮಾತ್ರ ರಾಜ್ಯಗಳಿಗೆ ಬಿಟ್ಟಿತು. ಎಡವಟ್ಟು ಆಗಿದ್ದೇ ಅಲ್ಲಿ. 1996ರಲ್ಲಿ ಶುರುವಾದ ಕೇರಳದ ಜನತಾ ಯೋಜನೆ ಇದಕ್ಕೆ ಅಪವಾದ. ಅಲ್ಲಿ ಯೋಜನಾ ಹಣದ ಶೇ. 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೇ ಕೊಡಲು ಸರ್ಕಾರ ನಿರ್ಧರಿಸಿತು. ಹಣವಿಲ್ಲದೆ ಬರೀ ಸಭೆ ಕರೆದಿದ್ದರೆ ಅದೂ ನಡುವಿನ ಮೆಟ್ಟಿಲಲ್ಲೇ ನಿಲ್ಲುತ್ತಿತ್ತು.

ಮುಂಬೈನದು ಬೇರೆ ಕಥೆ. 2034ರವರೆಗಿನ ಅಭಿವೃದ್ಧಿ ಯೋಜನೆಯ ಕರಡು 2015ರಲ್ಲಿ ಹೊರಬಂದಾಗ ಆಕ್ಷೇಪಣೆಗಳ ರಾಶಿಯೇ ಬಿತ್ತು. ಕೊನೆಗೆ ಮಹಾರಾಷ್ಟ್ರ ಸರ್ಕಾರ ಕರಡನ್ನೇ ವಾಪಸ್ ಕಳಿಸಿ ಹೊಸದಾಗಿ ಸಿದ್ಧಪಡಿಸಲು ಹೇಳಿತು. ಪರಿಷ್ಕೃತ ಕರಡು 2016ರಲ್ಲಿ ಬಂತು. ಬರೀ 'ಅಭಿಪ್ರಾಯ ಕೇಳುವ' ಮೆಟ್ಟಿಲಿನಿಂದಲೂ ಜನ ಒಟ್ಟಾಗಿ ಜಗ್ಗಿದರೆ ನಕ್ಷೆ ಅಲುಗಾಡುತ್ತದೆ ಎಂದಾಯಿತು.

'ಜನ' ಎಂದರೆ ಯಾರು ಎಂಬ ಪ್ರಶ್ನೆಗೆ ಏಣಿಯಲ್ಲಿ ಉತ್ತರವಿಲ್ಲ. ಜನರೆಲ್ಲ ಒಂದೇ ಗುಂಪಲ್ಲ, ಇದು ಸರಳೀಕರಣ ಎಂದು ಆರ್ನ್‌ಸ್ಟೀನ್ ಅವರೇ ಒಪ್ಪಿದ್ದರು. ಸ್ವಂತ ಫ್ಲಾಟ್ ಇರುವವರ ಸಂಘದ ಪತ್ರ ಕಚೇರಿಗೆ ಬೇಗ ತಲುಪುತ್ತದೆ. ಬಾಡಿಗೆದಾರರು, ಬೀದಿ ವ್ಯಾಪಾರಿಗಳು, ಬೇರೆ ರಾಜ್ಯದಿಂದ ದುಡಿಯಲು ಬಂದು ಆ ಊರಿನ ಭಾಷೆ ಓದಲು ಬಾರದವರಿಗೆ ಪ್ರಕಟಣೆ ಬಂದದ್ದೇ ಗೊತ್ತಾಗುವುದಿಲ್ಲ.