ದಂಡಿನ ಭಾಷೆಗಳು ಮತ್ತು ಮನೋರೋಗ ಚಿಕಿತ್ಸೆ

1809ರಲ್ಲಿ ಹಲಸೂರಿನ ಬಳಿ ಬ್ರಿಟಿಷರ ದಂಡು ನೆಲೆಯೂರಿತು. ಅದರ ಬೆನ್ನಿಗೇ ತಮಿಳು, ತೆಲುಗು, ದಖನಿ ಉರ್ದು ಮಾತಿನ ಸಿಪಾಯಿಗಳು, ವರ್ತಕರು, ಕೂಲಿಕಾರರು ಬಂದು ನೆಲೆಸಿದರು. 1881ರಲ್ಲಿ ಸಂಸ್ಥಾನವು ಒಡೆಯರಿಗೆ ಮರಳಿದರೂ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎನಿಸಿಕೊಂಡ ಈ ಪ್ರದೇಶ 1947ರವರೆಗೆ ಬ್ರಿಟಿಷರ ಕೈಯಲ್ಲೇ ಉಳಿಯಿತು. ಪೇಟೆಗೂ ದಂಡಿಗೂ ಆಡಳಿತದಂತೆ ಆಡುಮಾತೂ ಬೇರೆಯಾಯಿತು.

ದಂಡಿನ ಜನರ ದೇಹರೋಗಗಳಿಗೆ 1868ರಿಂದ ಬೌರಿಂಗ್ ಆಸ್ಪತ್ರೆಯಿತ್ತು. ಮನಸ್ಸು ಕೆಟ್ಟವರ ಆಶ್ರಯವಾದರೋ 1847ರ ಸುಮಾರಿಗೆ ಪೇಟೆಯ ಕಡೆ ಆರಂಭವಾಗಿ, 1925ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಹೆಸರು ಪಡೆದು, ಮುಂದಿನ ದಶಕದಲ್ಲಿ ಹೊಸೂರು ರಸ್ತೆಗೆ ಸ್ಥಳಾಂತರಗೊಂಡಿತು. 1974ರಲ್ಲಿ ನಿಮ್ಹಾನ್ಸ್ ರೂಪುಗೊಂಡದ್ದು ಇಲ್ಲಿಯೇ. ರೋಗಿಯ ಮಾತು ಯಾವುದೇ ಇರಲಿ, ದಾಖಲೆ ಮಾತ್ರ ಇಂಗ್ಲಿಷಿನಲ್ಲಿ ಉಳಿಯಿತು.

ಕನ್ನಡದಲ್ಲಿ ಮನೋವೈದ್ಯ ಸಾಹಿತ್ಯ ಗಟ್ಟಿಯಾಗಿ ಬೆಳೆಯಿತು. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು, ನಿಮ್ಹಾನ್ಸ್‌ನ ಸಿ.ಆರ್. ಚಂದ್ರಶೇಖರ್ ಜನಸಾಮಾನ್ಯರಿಗಾಗಿ ಹತ್ತಾರು ಪುಸ್ತಕಗಳನ್ನು ಬರೆದರು. ಶಿವಾಜಿನಗರದ ದಖನಿ ಮಾತಿನ ಮನೆಗಾಗಲಿ, ಹಲಸೂರಿನ ತಮಿಳು ಮನೆಗಾಗಲಿ ಈ ಓದು ಅಷ್ಟಾಗಿ ತಲಪುವಂಥದಲ್ಲ. ಬೀದಿಯಲ್ಲಿ ಕನ್ನಡವನ್ನು ಸರಾಗವಾಗಿ ಆಡುವ ತರುಣನಿಗೂ ಸಂಕಟ ಹೇಳಿಕೊಳ್ಳಲು ಮನೆಮಾತೇ ಬೇಕು. ‘ಮನಸು ಸರಿಯಿಲ್ಲೆ’ ಎಂದು ತಮಿಳಿನಲ್ಲಿ ನುಡಿದದ್ದು ಬೇಸರವೋ ಖಿನ್ನತೆಯೋ ಎಂಬುದು ದನಿಯಿಂದ ತಿಳಿಯಬೇಕಾದದ್ದು, ಅನುವಾದದಿಂದಲ್ಲ.

ಅನುವಾದಕ್ಕೆ ಕುಳಿತವರು ಸಾಮಾನ್ಯವಾಗಿ ತಾಯಿಯೋ ಅಣ್ಣನೋ ಆಗಿರುತ್ತಾರೆ. ಇಪ್ಪತ್ತರ ಹರೆಯದವರು ತಮ್ಮ ಪ್ರೇಮ, ಕುಡಿತ, ಸಾಯುವ ಯೋಚನೆಗಳನ್ನು ಆ ಬಾಯಿಯ ಮೂಲಕ ವೈದ್ಯರಿಗೆ ತಲಪಿಸುವುದು ದುಸ್ಸಾಧ್ಯ. ಈ ತೊಡಕು ಅಲ್ಪಸಂಖ್ಯಾತ ಭಾಷೆಗಳಿಗಷ್ಟೇ ಮೀಸಲೂ ಅಲ್ಲ: ರಾಷ್ಟ್ರೀಯ ಸಂಸ್ಥೆಗೆ ದೇಶದ ನಾನಾ ಭಾಗಗಳಿಂದ ತರಬೇತಿಗೆ ಬರುವ ವೈದ್ಯರ ಮುಂದೆ ಕನ್ನಡಿಗನಿಗೂ ದುಭಾಷಿ ಬೇಕಾದೀತು. ಹಲಸೂರು ಕೆರೆಯ ಬಳಿಯ ತಿರುವಳ್ಳುವರ್ ಪ್ರತಿಮೆ 2009ರಲ್ಲಿ ಅನಾವರಣಗೊಳ್ಳುವವರೆಗೆ ಹದಿನೆಂಟು ವರ್ಷ ವಿವಾದದಲ್ಲಿತ್ತು. ಆಸ್ಪತ್ರೆಯ ಕೋಣೆಯೊಳಗಿನ ಭಾಷೆ ಅಂಥ ಗದ್ದಲಕ್ಕೆ ಎಂದೂ ವಸ್ತುವಾಗಲಿಲ್ಲ.

2018ರ ಮೇ 29ರಂದು ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೆಯ ಕಲಮು ಲಿಂಗ, ಧರ್ಮ, ಸಂಸ್ಕೃತಿ, ಜಾತಿ ಮುಂತಾದ ಭೇದಗಳಿಲ್ಲದೆ ಚಿಕಿತ್ಸೆ ದೊರೆಯಬೇಕೆನ್ನುತ್ತದೆ. ಭಾಷೆಯ ಹೆಸರು ಅಲ್ಲಿಲ್ಲ. ‘ಇತರ ಯಾವುದೇ ಆಧಾರ’ ಎಂಬುದರಲ್ಲಿ ಅದನ್ನು ಸೇರಿಸಿಕೊಳ್ಳಬೇಕಷ್ಟೆ. ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಮಾಹಿತಿ ಕೊಡಬೇಕೆಂದು 22ನೆಯ ಕಲಮು ವಿಧಿಸುತ್ತದೆ. ವೈದ್ಯರು ಹೇಳುವ ಭಾಷೆಯ ಬಗೆಗೆ ಇದು ಸ್ಪಷ್ಟ. ರೋಗಿ ಹೇಳಿಕೊಳ್ಳುವ ಭಾಷೆಯ ಬಗೆಗೆ ಅಷ್ಟಿಲ್ಲ.

2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಈ ದಿಸೆಯಲ್ಲಿ ಮಹತ್ತ್ವದ್ದು. 14416ಕ್ಕೆ ಕರೆಮಾಡಿದವರು ಭಾಷೆಯನ್ನು ಆರಿಸಿಕೊಳ್ಳಬಹುದು. ನಡುವೆ ಕುಟುಂಬದವರು ಬೇಕಿಲ್ಲ. ಹೊರರಾಜ್ಯಗಳಿಂದ ಕೆ.ಆರ್. ಪುರಕ್ಕೆ ಕೆಲಸಕ್ಕೆ ಬಂದು, ಕೋಣೆ ಹಂಚಿಕೊಂಡು ಬದುಕುವ ಯುವಕರಿಗೂ ಇದು ನಿಲುಕುತ್ತದೆ. ಆದರೆ ದೂರವಾಣಿಯ ಆಚೆ ಮದ್ದು ಬೇಕಾದಾಗ ಅವರು ಮತ್ತೆ ಆಸ್ಪತ್ರೆಯ ಹೊರರೋಗಿ ವಿಭಾಗದ ಸಾಲಿಗೇ ಬರಬೇಕು, ಅಲ್ಲಿ ಯಾರಿಗೆ ಯಾವ ಭಾಷೆ ಬರುತ್ತದೆಂಬುದು ಆ ದಿನದ ಸರದಿಯವರನ್ನು ಅವಲಂಬಿಸಿರುತ್ತದೆ.